ಗಡ್ಡೆಗೆ ಸೈ, ಕೀವಿಗೆ ಬೇಡ: ಪ್ರಾಣಿಗಳ ಪೆಥಾಲಜಿ ಲ್ಯಾಬ್ ಒಂದರ ರಿವ್ಯೂ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾಯಿ, ಬೆಕ್ಕು, ಹಸು ಯಾವುದೇ ಇರಲಿ, ಕೊಯ್ದು ತೆಗೆದ ಗಡ್ಡೆ ಏನು ಅಂತ ಗೊತ್ತಾಗಬೇಕಾದರೆ ಈ ಲ್ಯಾಬ್‌ಗೆ ಧೈರ್ಯವಾಗಿ ಕಳಿಸಿ. ಕೀವು, ಕಿವಿಯ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದದ್ದು), ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಆದರೆ ಬೇರೆ ಕಡೆ ನೋಡಿಕೊಳ್ಳಿ. ಉತ್ತರ ಬೆಂಗಳೂರಿನ ಖಾಸಗಿ ಲ್ಯಾಬ್ ಇದು, ಪ್ರಾಣಿಗಳ ಸ್ಯಾಂಪಲ್ ಮಾತ್ರ ನೋಡುತ್ತಾರೆ. ಹೆಸರು ಹಾಕುತ್ತಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ನಿಮ್ಮ ಪಶುವೈದ್ಯರಿಗೆ ಇಂಥ ಲ್ಯಾಬ್‌ಗಳು ಎರಡು ಮೂರಾದರೂ ಗೊತ್ತಿರುತ್ತವೆ. ಯಾವುದು ಒಳ್ಳೆಯದು ಅಂತ ಅಳೆಯಲು ಕೆಳಗೆ ಬರೆದಿರುವುದು ಸಾಕಾಗುತ್ತದೆ.

ನಮ್ಮ ಹೆಣ್ಣು ನಾಯಿಗೆ ವಯಸ್ಸಾಗಿದೆ. ಹಿಂಗಾಲಿನ ತೊಡೆಯ ಮೇಲೆ ಅಡಿಕೆ ಗಾತ್ರದ ಗಂಟು ಬಂತು. ಒಂದು ದಿನ ಊದಿ ಕೆಂಪಗೆ ಕಾಣುತ್ತದೆ, ಇನ್ನೊಂದು ದಿನ ಇಳಿದೇ ಹೋಯಿತೇನೋ ಅನ್ನಿಸುತ್ತದೆ. ಹೀಗೆ ಊದಿ ಇಳಿಯುವ ಗಂಟನ್ನು ನಂಬಬೇಡಿ ಅಂದರು ನಮ್ಮ ಡಾಕ್ಟರ್. ಸೂಜಿ ಹಾಕಿ ಎಳೆದದ್ದನ್ನು ಸ್ಲೈಡಿಗೆ ಸವರಿ ಸ್ಮಿಯರ್ ತೆಗೆದರು. ಅವರ ಅನುಮಾನ ಮಾಸ್ಟ್ ಸೆಲ್ ಗಡ್ಡೆ. ನಾಯಿಗಳ ಚರ್ಮದಲ್ಲಿ ಇದು ತುಂಬಾ ಸಾಮಾನ್ಯ. ಈ ಜೀವಕೋಶಗಳ ಒಳಗೆ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಕಾಳುಗಳಿರುತ್ತವೆ, ಅದು ಹೊರಗೆ ಸೋರಿದಾಗ ಸುತ್ತಲಿನ ಚರ್ಮ ಊದುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಗಂಟನ್ನು ಸುಮ್ನೆ ಹಿಸುಕಿ ಹಿಸುಕಿ ನೋಡಬೇಡಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ಮೊದಲ ಜಗಳ ಇಲ್ಲೇ ಶುರುವಾಯಿತು. ಸ್ಯಾಂಪಲ್ ಒಯ್ಯಲು ಲ್ಯಾಬ್‌ನ ಹುಡುಗ ಬಂದ. ನಮ್ಮ ಸ್ಮಿಯರ್ ಸ್ಲೈಡುಗಳನ್ನೂ, ಅದೇ ಕ್ಲಿನಿಕ್‌ನ ಇನ್ನೊಂದು ನಾಯಿಯ ಮಾಂಸದ ತುಂಡಿದ್ದ ಫಾರ್ಮಲಿನ್ (ತುಂಡು ಕೆಡದಂತೆ ಇಡುವ ದ್ರಾವಣ) ಬಾಟಲಿಯನ್ನೂ ಒಂದೇ ಕವರ್‌ನಲ್ಲಿ ತುರುಕಿಕೊಂಡು ಹೋದ. ಫಾರ್ಮಲಿನ್‌ನ ಹಬೆ ತಾಗಿದರೆ ಸಾಕು, ಬಣ್ಣ ಹಾಕದ ಸ್ಲೈಡ್ ಕೆಟ್ಟಂತೆಯೇ, ಆಮೇಲೆ ಜೀವಕೋಶಗಳು ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಮುಚ್ಚಳ ಎಷ್ಟೇ ಬಿಗಿ ಇದ್ದರೂ ಈ ಅಪಾಯ ಇದ್ದೇ ಇರುತ್ತದೆ. ರಿಪೋರ್ಟ್ ಬಂತು: ಓದಲು ಬರುವಂತಿಲ್ಲ, ಮತ್ತೆ ಕಳಿಸಿ. ಜೊತೆಗೆ ಬಿಲ್ಲೂ ಬಂತು! ನಾಯಿಗೆ ಮತ್ತೆ ಸೂಜಿ, ನಮಗೆ ಮತ್ತೆ ದುಡ್ಡು. ಫೋನ್ ಮಾಡಿ ಕೇಳಿದರೆ ಕೌಂಟರಿನಲ್ಲಿ ಕೂತವರು 'ಕ್ಲಿನಿಕ್‌ನವರು ಬೇರೆ ಬೇರೆ ಪ್ಯಾಕ್ ಮಾಡಬೇಕಿತ್ತು' ಅಂದರು. ನಿಮ್ಮ ಹುಡುಗ, ನಿಮ್ಮ ಕವರ್, ಹೇಳಿಕೊಡಬೇಕಾದವರು ನೀವೇ ಅಲ್ವಾ?

ಇಷ್ಟಾದ ಮೇಲೂ ಗಡ್ಡೆಯನ್ನು ಅಲ್ಲಿಗೇ ಕಳಿಸಿದೆವು. ಅಲ್ಲಿ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಪೆಥಾಲಜಿಸ್ಟ್ ಮೇಲೆ ನಮ್ಮ ಡಾಕ್ಟರಿಗೆ ನಂಬಿಕೆ ಇತ್ತು. ಆ ನಂಬಿಕೆ ಸುಳ್ಳಾಗಲಿಲ್ಲ.

ರಿಪೋರ್ಟ್ ಬರುವ ಮೊದಲೇ ಪೆಥಾಲಜಿಸ್ಟ್ ಕ್ಲಿನಿಕ್‌ಗೆ ಫೋನ್ ಮಾಡಿ ವಿಚಾರಿಸಿದರಂತೆ. ಗಂಟು ಕಂಡು ಎಷ್ಟು ಕಾಲವಾಯಿತು, ಚರ್ಮದಲ್ಲಿತ್ತಾ ಅಥವಾ ಅದರ ಕೆಳಗಾ, ಸ್ಟಿರಾಯ್ಡ್ ಕೊಟ್ಟಿದ್ದರಾ, ತುಂಡಿನ ಯಾವ ತುದಿಗೆ ಗುರುತಿನ ದಾರ ಕಟ್ಟಿದ್ದೀರಿ, ಹೀಗೆ. ಕಳಿಸಿದ ಫಾರಂನಲ್ಲಿ ಬರೀ 'ಚರ್ಮದ ಗಂಟು' ಅಂತ ಗೀಚಿದ್ದರೆ ಯಾರಾದರೂ ಏನು ಹೇಳಲು ಸಾಧ್ಯ? ಆದರೂ ಎಷ್ಟೋ ಲ್ಯಾಬ್‌ಗಳು ಏನೂ ಕೇಳದೆ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುತ್ತವೆ.

ರಿಪೋರ್ಟಿನಲ್ಲಿ ನನಗೆ ಹಿಡಿಸಿದ್ದು ಗಡ್ಡೆ ಎಷ್ಟು ಕೆಟ್ಟದ್ದು ಅಂತ ಹೇಳುವ ಗ್ರೇಡನ್ನು ಹಳೆಯ, ಹೊಸ ಎರಡೂ ಲೆಕ್ಕದಲ್ಲಿ ಕೊಟ್ಟಿದ್ದು. ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1984ರಲ್ಲಿ ಪಶು ಪೆಥಾಲಜಿಸ್ಟ್ ಪಟ್ನಾಯಕ್ ಮತ್ತು ಜೊತೆಗಾರರು 83 ನಾಯಿಗಳ ಮಾಸ್ಟ್ ಸೆಲ್ ಗಡ್ಡೆಗಳನ್ನು ನೋಡಿ ಒಂದು, ಎರಡು, ಮೂರು ಅಂತ ಗ್ರೇಡ್ ಮಾಡಿದರು. ವರ್ಷಗಟ್ಟಲೆ ಎಲ್ಲರೂ ಅದನ್ನೇ ಬಳಸಿದರು. ತೊಂದರೆ ಏನೆಂದರೆ ನಡುವಿನ ಗ್ರೇಡ್ ಎರಡು. ಸಂಶಯ ಬಂದದ್ದನ್ನೆಲ್ಲ ಅದರೊಳಗೆ ಹಾಕುತ್ತಾರೆ, ಅದನ್ನು ಓದಿ ನಾಯಿ ಸಾಕಿದವರಿಗೆ ಏನೂ ತಿಳಿಯುವುದಿಲ್ಲ. 2011ರಲ್ಲಿ ಕ್ಯೂಪೆಲ್ ಮತ್ತು ತಂಡದವರು 95 ಗಡ್ಡೆಗಳ ಸ್ಲೈಡುಗಳನ್ನು 28 ಪೆಥಾಲಜಿಸ್ಟರಿಗೆ ಕೊಟ್ಟು ನೋಡಿದರು. ಒಂದೇ ಗಡ್ಡೆಗೆ ಒಬ್ಬೊಬ್ಬರು ಒಂದೊಂದು ಗ್ರೇಡ್! ಹಾಗಾಗಿ ಅವರು ಎರಡೇ ಗ್ರೇಡ್ ಸಾಕು ಅಂದರು, ಲೋ ಮತ್ತು ಹೈ. ಸೂಕ್ಷ್ಮದರ್ಶಕದ ಹತ್ತು ಹೈ ಪವರ್ ಫೀಲ್ಡ್‌ಗಳಲ್ಲಿ ಏಳು ಅಥವಾ ಜಾಸ್ತಿ ವಿಭಜನೆಯಾಗುತ್ತಿರುವ ಜೀವಕೋಶ ಕಂಡರೆ ಹೈ. ವಿಕಾರವಾದ ನ್ಯೂಕ್ಲಿಯಸ್, ಒಂದೇ ಕೋಶದಲ್ಲಿ ಹಲವು ನ್ಯೂಕ್ಲಿಯಸ್, ಇಂಥ ಇನ್ನೂ ಕೆಲವು ಲಕ್ಷಣಗಳಿವೆ. ಆ ಅಧ್ಯಯನದಲ್ಲಿ ಹೈ ಗ್ರೇಡ್ ನಾಯಿಗಳಲ್ಲಿ ಅರ್ಧದಷ್ಟು ಆಮೇಲೆ ನಾಲ್ಕು ತಿಂಗಳೂ ಬದುಕಲಿಲ್ಲ, ಲೋ ಗ್ರೇಡ್‌ನವುಗಳಲ್ಲಿ ಅರ್ಧದಷ್ಟು ಎರಡು ವರ್ಷಕ್ಕೂ ಜಾಸ್ತಿ ಬದುಕಿದವು. ನಮ್ಮದು ಹಳೆಯ ಲೆಕ್ಕದಲ್ಲಿ ಎರಡು, ಹೊಸದರಲ್ಲಿ ಲೋ. ಹಳೆಯದೊಂದನ್ನೇ ಕೊಟ್ಟಿದ್ದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಅಂಚಿನ ಅಳತೆಯನ್ನೂ, ಅಂದರೆ ಗಡ್ಡೆಯ ಸುತ್ತ ಎಷ್ಟು ಆರೋಗ್ಯವಾದ ಭಾಗ ಸೇರಿಸಿ ತೆಗೆದಿದ್ದಾರೆ ಅನ್ನುವುದನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿದ್ದರು, ಪಕ್ಕದ್ದು ಬೇರೆ, ಆಳದ್ದು ಬೇರೆ. ಕಾಳುಗಳು ನೇರಳೆ ಬಣ್ಣದಲ್ಲಿ ಎದ್ದು ಕಾಣುವಂತೆ ಟೊಲ್ಯುಡಿನ್ ಬ್ಲೂ ಹಾಕಿ ನೋಡಿದ್ದನ್ನೂ ಬರೆದಿದ್ದರು. ಫೋಟೋ ಮಾತ್ರ ಇಲ್ಲ. ಸ್ಲೈಡಿನ ಒಂದು ಫೋಟೋ ಹಾಕಲು ಇವರಿಗೇನು ಕಷ್ಟವೋ.

ಎರಡನೆಯ ಕೇಸು ಇನ್ನೂ ಚೆನ್ನಾಗಿದೆ. ತಿಪಟೂರಿನ ಹತ್ತಿರ ಅಣ್ಣನ ಮನೆಯಲ್ಲಿ ಎಚ್‌ಎಫ್ ಮಿಶ್ರತಳಿ ಹಸು ಇದೆ. ಅದರ ಕೆಳದವಡೆಯಲ್ಲಿ ಕಲ್ಲಿನಂಥ ಗಂಟು, ಅಲುಗಾಡಿಸಿದರೆ ಅಲುಗಾಡದು. ಊರಿನವರೆಲ್ಲ ಕ್ಯಾನ್ಸರ್ ಅಂತ ತೀರ್ಮಾನ ಕೊಟ್ಟಾಗಿತ್ತು, ದಲ್ಲಾಳಿಯೂ ಬಂದು ರೇಟ್ ಹೇಳಿ ಹೋಗಿದ್ದ. ಅಲ್ಲಿನ ಪಶುವೈದ್ಯರು ಗಂಟಿನಿಂದ ಸಣ್ಣ ತುಂಡು ತೆಗೆದು ಫಾರ್ಮಲಿನ್‌ನಲ್ಲಿ ಹಾಕಿಕೊಟ್ಟರು, ಅದು ಇದೇ ಲ್ಯಾಬ್‌ಗೆ ಬಂತು. ರಿಪೋರ್ಟಿನಲ್ಲಿ ಕ್ಯಾನ್ಸರ್ ಕೋಶವೇ ಇಲ್ಲ. ಇದ್ದದ್ದು ಕೀವಿನ ನಡುವೆ ಬ್ಯಾಕ್ಟೀರಿಯಾದ ಗುಂಪು, ಅದರ ಸುತ್ತ ಕಿರಣಗಳಂತೆ ಹರಡಿದ ಗುಲಾಬಿ ಗದೆಗಳು. ಆಕ್ಟಿನೋಮೈಸಿಸ್ ಬೋವಿಸ್. ಹಸುವಿನ ಬಾಯಲ್ಲಿ ಸುಮ್ನೆ ಇರುವ ಬ್ಯಾಕ್ಟೀರಿಯಾ ಅದು. ಒರಟು ಮೇವು ಚುಚ್ಚಿಯೋ, ಹಲ್ಲು ಮೂಡುವಾಗಲೋ ಗಾಯವಾದರೆ ಮೂಳೆಯೊಳಗೆ ಇಳಿದು ದವಡೆಯನ್ನೇ ಊದಿಸಿಬಿಡುತ್ತದೆ. ಆಮ್ಲಜನಕ ಇರುವ ಕಡೆ ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ಮಾಮೂಲಿ ಕಲ್ಚರ್ ತಟ್ಟೆಯಲ್ಲಿ ಇದನ್ನು ಬೆಳೆಸುವುದು ಕಷ್ಟ. ಕೀವಿನಲ್ಲಿ ಹಳದಿ ಮರಳಿನಂಥ ಕಾಳು ಸಿಕ್ಕರೆ ಎರಡು ಸ್ಲೈಡ್ ನಡುವೆ ಒತ್ತಿ, ಗ್ರಾಂ ಬಣ್ಣ ಹಾಕಿ ನೋಡಿದರೂ ಎಳೆ ಎಳೆಯಾಗಿ ಕಾಣುತ್ತದಂತೆ.

ಸೋಡಿಯಂ ಅಯೋಡೈಡ್ ರಕ್ತನಾಳಕ್ಕೆ, ಜೊತೆಗೆ ಪೆನಿಸಿಲಿನ್ ಕೊಟ್ಟರು. ಗಬ್ಬದ ಹಸುವಾದರೆ ಅಯೋಡೈಡ್ ಕೊಡುವಾಗ ಹುಷಾರು ಅಂತಲೂ ಹೇಳಿದರು, ಇದು ಗಬ್ಬ ಇರಲಿಲ್ಲ. ಔಷಧಿ ನಡೆಯುವಾಗಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ, ಅಣ್ಣನಿಗೆ ಅದೊಂದೇ ಬೇಜಾರು. ಗಂಟು ಬೆಳೆಯುವುದು ನಿಂತಿದೆ, ಆದರೆ ಕರಗಿಲ್ಲ. ಒಮ್ಮೆ ರೂಪ ಕೆಟ್ಟ ಮೂಳೆ ಮೊದಲಿನಂತೆ ಆಗುವುದಿಲ್ಲ. ಹಸು ಮೇವು ತಿನ್ನುತ್ತಿದೆ, ಹಾಲು ಕೊಡುತ್ತಿದೆ. ದಲ್ಲಾಳಿ ಮತ್ತೆ ಬಂದಿಲ್ಲ.

ಈಗ ಬೈಗುಳದ ಭಾಗ. ಸ್ಲೈಡಿನಲ್ಲಿ ಬ್ಯಾಕ್ಟೀರಿಯಾವನ್ನು ಇಷ್ಟು ಚೆನ್ನಾಗಿ ಗುರುತಿಸುವ ಅದೇ ಕಟ್ಟಡದಲ್ಲಿ ಕಲ್ಚರ್ ವಿಭಾಗ ಯಾಕೆ ಹೀಗೆ? ನಾಯಿಯ ಕಿವಿ ಸೋರುತ್ತಿತ್ತು, ವಾಸನೆ ಬೇರೆ. ಸ್ವಾಬ್ ಕಳಿಸಿದ್ದು ವಾರದ ಕೊನೆಗೆ, ಅದನ್ನು ತಟ್ಟೆಗೆ ಹಾಕಿದ್ದು ರಜೆ ಮುಗಿದ ಮೇಲೆ. ಬಂದ ರಿಪೋರ್ಟಿನಲ್ಲಿ ಬರೀ 'ಸ್ಟ್ಯಾಫಿಲೋಕಾಕಸ್ ಜಾತಿ'. ಯಾವ ಸ್ಟ್ಯಾಫಿಲೋಕಾಕಸ್? ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸೂಡಿಂಟರ್‌ಮೀಡಿಯಸ್, 2005ರಲ್ಲೇ ಅದನ್ನು ಬೇರೆ ಜಾತಿ ಅಂತ ಗುರುತಿಸಿ ಹೆಸರಿಟ್ಟಿದ್ದಾರೆ. ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ ತಳಿಯೋ ಅಲ್ಲವೋ, ಅದೂ ಇಲ್ಲ. ಬದಲಿಗೆ ವ್ಯಾಂಕೋಮೈಸಿನ್, ಲಿನೆಜೋಲಿಡ್, ಇಮಿಪೆನೆಮ್ ಅಂತ ಮನುಷ್ಯರ ಐಸಿಯು ಔಷಧಿಗಳ ಸಾಲು, ಎಲ್ಲದರ ಮುಂದೆ ಸೆನ್ಸಿಟಿವ್, ಅಂದರೆ ಈ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಅಂತ. ಕೊನೆಯ ಆಸರೆಯ ಔಷಧಿಗಳನ್ನು ಕಿವಿ ಸೋರುವ ನಾಯಿಯ ಚೀಟಿಯಲ್ಲಿ ಬರೆಯುವುದೇ ತಪ್ಪು. ಯಾರೋ ಅದನ್ನು ನೋಡಿ ಕೊಟ್ಟೂ ಬಿಡುತ್ತಾರೆ.

ಇನ್ನೊಂದು ವಿಷಯ ನಮ್ಮ ಡಾಕ್ಟರ್ ಹೇಳಿದ್ದು. ಸೆನ್ಸಿಟಿವ್, ರೆಸಿಸ್ಟೆಂಟ್ ಅಂತ ಹೇಳುವುದು ರಕ್ತಕ್ಕೆ ಎಷ್ಟು ಔಷಧಿ ತಲುಪುತ್ತದೆ ಅನ್ನುವ ಲೆಕ್ಕದ ಮೇಲೆ. ಕಿವಿಗೆ ನೇರವಾಗಿ ಹಾಕುವ ಹನಿಯಲ್ಲಿ ಔಷಧಿ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಇರುತ್ತದೆ. ಆದ್ದರಿಂದ ಆ ಚೀಟಿಯನ್ನು ಕಿವಿಹನಿಗೆ ಹಾಗೇ ಹೊಂದಿಸಲು ಬರುವುದಿಲ್ಲ. ಅವರು ಕ್ಲಿನಿಕ್‌ನಲ್ಲೇ ಕಿವಿಯ ಕೊಳೆಯನ್ನು ಸ್ಲೈಡಿಗೆ ಉರುಳಿಸಿ ಬಣ್ಣ ಹಾಕಿ ನೋಡಿದರು. ಗುಂಡಗಿನವು ಕಡಿಮೆ, ಕಡ್ಡಿಯಂಥವು ಜಾಸ್ತಿ. ಸ್ಟ್ಯಾಫಿಲೋಕಾಕಸ್ ಗುಂಡಗಿರುತ್ತದೆ. ಅಂದರೆ ಲ್ಯಾಬ್ ರಿಪೋರ್ಟಿನಲ್ಲಿ ಮುಖ್ಯ ಆಸಾಮಿಯೇ ಇಲ್ಲ! ಬೇರೆ ಲ್ಯಾಬ್‌ಗೆ ತಾಜಾ ಸ್ವಾಬ್ ಕಳಿಸಿದಾಗ ಸೂಡೊಮೋನಾಸ್ ಅನ್ನುವ ಕಡ್ಡಿಯಂಥ ಬ್ಯಾಕ್ಟೀರಿಯಾ ಸಿಕ್ಕಿತು. ದುಡ್ಡು ವಾಪಸ್ ಕೇಳಿದೆ, ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟರು ಅಷ್ಟೇ.

ಖರ್ಚಿನ ಬಗ್ಗೆ. ಬಯಾಪ್ಸಿ ಅಗ್ಗ ಅಲ್ಲ, ಆದರೆ ಆಪರೇಷನ್ ಬಿಲ್ಲಿನ ಪಕ್ಕ ಇಟ್ಟರೆ ದೊಡ್ಡದೂ ಅಲ್ಲ. ಗಡ್ಡೆ ತೆಗೆಸಿ ಅದನ್ನು ಕಸಕ್ಕೆ ಹಾಕುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ. ಬೆಕ್ಕಿನ ಮೊಲೆಯ ಗಡ್ಡೆಯಾದರಂತೂ ಬಹುಪಾಲು ಕ್ಯಾನ್ಸರೇ, ಪರೀಕ್ಷೆ ಬಿಡಲೇಬೇಡಿ. ಬೀದಿನಾಯಿಗಳನ್ನು ನೋಡಿಕೊಳ್ಳುವವರಿಗೆ ಒಂದು ಉಳಿತಾಯದ ಮಾತು: ಜನನಾಂಗದ ಹತ್ತಿರ ಹೂಕೋಸಿನ ಹಾಗೆ ಬೆಳೆದು ರಕ್ತ ಸೋರುವ, ನಾಯಿಯಿಂದ ನಾಯಿಗೆ ಹರಡುವ ಟಿವಿಟಿ ಗಡ್ಡೆಗೆ ಸಾಮಾನ್ಯವಾಗಿ ಸ್ಮಿಯರ್ ಸಾಕು. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ಕೊಟ್ಟರೆ ಹೆಚ್ಚಿನವು ಗುಣವಾಗುತ್ತವೆ.

ದನ, ಕುರಿ ಸಾಕಿದವರು ಖಾಸಗಿ ಲ್ಯಾಬ್‌ಗೇ ಬರಬೇಕಿಲ್ಲ. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೇ ಲಸಿಕೆ ತಯಾರಿಸುವ, ರೋಗಪತ್ತೆ ಮಾಡುವ ಸರ್ಕಾರದ ಸಂಸ್ಥೆ ಐಎಎಚ್‌ವಿಬಿ (ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ) ಇದೆ. ತಾಲೂಕು ಆಸ್ಪತ್ರೆಯ ಮೂಲಕ ಕಳಿಸಬಹುದು. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಯಾವ ಲ್ಯಾಬ್‌ಗಾದರೂ ತುಂಡು ಕಳಿಸೋಣ ಅಂತ ಹೊಟ್ಟೆ ಕೊಯ್ಯಬೇಡಿ. ಗಾಳಿ ತಾಗಿದರೆ ಆ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸರ್ಕಾರಿ ವೈದ್ಯರನ್ನು ಕರೆಯಿರಿ, ಅವರು ಕಿವಿಯ ರಕ್ತದ ಸ್ಮಿಯರ್‌ನಲ್ಲೇ ನೋಡುತ್ತಾರೆ.

ಕಳಿಸುವವರಿಗೆ: ಅಗಲ ಬಾಯಿಯ ಡಬ್ಬಿ ಕೇಳಿ ಪಡೆಯಿರಿ. ಇವರು ಕೊಡುವ ಬಾಟಲಿಯ ಕತ್ತು ಸಣ್ಣದು, ಮೆತ್ತಗಿರುವಾಗ ಒಳಗೆ ಹೋದ ತುಂಡು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ ಹೊರಗೆ ಬರುವುದಿಲ್ಲ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಲಿ. ಕಲ್ಚರ್‌ಗೆ ಹೋಗುವುದನ್ನು ಮಾತ್ರ ಫಾರ್ಮಲಿನ್‌ಗೆ ಹಾಕಬೇಡಿ, ಬ್ಯಾಕ್ಟೀರಿಯಾ ಸತ್ತ ಮೇಲೆ ಬೆಳೆಸುವುದು ಏನನ್ನು? ತುಂಡನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಬ್ಲಾಕ್ ಲ್ಯಾಬ್‌ನಲ್ಲೇ ಇರುತ್ತದೆ, ಎರಡನೇ ಅಭಿಪ್ರಾಯ ಬೇಕಾದರೆ ಕೇಳಿ, ಕೊಡುತ್ತಾರೆ.

ಗಡ್ಡೆಗೆ ಐದರಲ್ಲಿ ನಾಲ್ಕೂವರೆ ಸ್ಟಾರ್, ಕಲ್ಚರ್‌ಗೆ ಒಂದೂವರೆ. ಭಾನುವಾರ ರಜೆ. ಶನಿವಾರ ಸಂಜೆ ಆಪರೇಷನ್ ಆದರೂ ಗಾಬರಿ ಬೇಡ, ಫಾರ್ಮಲಿನ್‌ನಲ್ಲಿರುವ ತುಂಡು ಸೋಮವಾರದವರೆಗೆ ಕೆಡುವುದಿಲ್ಲ, ಫ್ರೀಜರ್‌ಗೆ ಮಾತ್ರ ಇಡಬೇಡಿ.