ಕೈಯಿಂದ ಸ್ಟಾರ್ಟ್ ಆಗುವ ದೋಣಿ ಎಂಜಿನ್: ಬೊಲಿಂಡರ್, ಕೆಲ್ವಿನ್, ಲಿಸ್ಟರ್

ಬ್ರಿಟನ್ನಿನ ಕಾಲುವೆ, ಬಂದರುಗಳ ಹಳೆಯ ದೋಣಿಗಳಲ್ಲಿ ಈ ಮೂರೂ ಇಂದಿಗೂ ಸಿಗುತ್ತವೆ. ಮೂರನ್ನೂ ತಿರುಗಿಸಿ ನೋಡಿದವರಾಗಿ ನಾವು ಹೇಳುವುದಿಷ್ಟು: ತೋಳಿನ ಬಲ ಎರಡನೆಯ ಮಾತು. ಕಂಪ್ರೆಶನ್ (ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತುವ ಹಂತ) ದಾಟುವ ಮೊದಲ ಸುತ್ತನ್ನು ಎಂಜಿನ್ ಎಷ್ಟು ಹಗುರ ಮಾಡಿಕೊಡುತ್ತದೆ ಅನ್ನುವುದೇ ಮುಖ್ಯ.

ಸ್ವೀಡನ್ನಿನ ಬೊಲಿಂಡರ್ ಸೆಮಿ-ಡೀಸೆಲ್, ಅಂದರೆ ಕಂಪ್ರೆಶನ್ ಜೊತೆಗೆ ಕಾದ ಲೋಹದ ಬಲ್ಬಿನ ಬಿಸಿಯಿಂದ ಇಂಧನ ಹೊತ್ತಿಸುವ ಎಂಜಿನ್. ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿ 1912ರಿಂದ ತನ್ನ ಸರಕು ದೋಣಿಗಳಿಗೆ ಕೂರಿಸಿದ್ದು ಇದನ್ನೇ. ಬ್ಲೋಲ್ಯಾಂಪಿನ ಜ್ವಾಲೆಯಿಂದ ಸಿಲಿಂಡರ್ ತಲೆಯ ಈ ಬಲ್ಬನ್ನು 10–15 ನಿಮಿಷ ಮಂದ ಕೆಂಪಾಗುವವರೆಗೆ ಕಾಯಿಸಬೇಕು. ಕೈಪಂಪಿನಲ್ಲಿ ಒಂದೆರಡು ಸಲ ಇಂಧನ ಒತ್ತಿ, ಫ್ಲೈವೀಲಿನ (ಭಾರದ ಚಕ್ರದ) ಗೂಟಕ್ಕೆ ಕಾಲಿಟ್ಟು ಕಂಪ್ರೆಶನ್ನಿಗೆ ಎದುರಾಗಿ ತಳ್ಳಿದರೆ, ಉರಿದ ಇಂಧನವೇ ಚಕ್ರವನ್ನು ಹಿಂದಕ್ಕೆ ಒದೆದು ಓಡಿಸುತ್ತದೆ. ಇಂಧನ ಹೆಚ್ಚಾದರೆ ಒದೆತವೂ ಜೋರು. ಗೂಟ ಸ್ಪ್ರಿಂಗಿನಿಂದ ತಾನೇ ಒಳಗೆ ಸರಿಯಬೇಕು. ಅದು ತುಕ್ಕು ಹಿಡಿದಿದ್ದರೆ ಕಾಲು ಮುರಿಯುತ್ತದೆ, ಎಂಜಿನ್ ಮುಟ್ಟಲೇಬೇಡಿ. ಬಹಳ ಹೊತ್ತು ಲೋಡ್ ಇಲ್ಲದೆ ನಿಧಾನವಾಗಿ ಓಡಿದರೆ ಬಲ್ಬ್ ತಣ್ಣಗಾಗಿ ನಿಂತುಹೋಗುತ್ತದೆ.

ಗ್ಲಾಸ್ಗೋದ ಕೆಲ್ವಿನ್ ಕೆ ಸರಣಿಯಲ್ಲಿ ಸಿಲಿಂಡರಿಗೆ 22 ಅಶ್ವಶಕ್ತಿ, ವೇಗ 750 ಆರ್‌ಪಿಎಂ. ಅಷ್ಟು ದೊಡ್ಡ ಪಿಸ್ಟನ್ನನ್ನು ಪೂರ್ಣ ಕಂಪ್ರೆಶನ್ನಿನಲ್ಲಿ ಕೈಯಿಂದ ದಾಟಿಸಲಾಗದು. ಹಾಗಾಗಿ ಒಂದು ವಾಲ್ವ್ ತೆರೆದು ಹೆಚ್ಚುವರಿ ಕೋಣೆ ಸೇರಿಸಿ ಕಂಪ್ರೆಶನ್ ಇಳಿಸುತ್ತಾರೆ. ಕಾರ್ಬ್ಯುರೇಟರ್, ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಬಳಸಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಸ್ವಲ್ಪ ಬಿಸಿಯಾದ ಮೇಲೆ ಲಿವರ್ ಎಳೆದು ಡೀಸೆಲಿಗೆ ಬದಲಾಯಿಸುತ್ತಾರೆ. ಅಚ್ಚುಕಟ್ಟಾದ ಉಪಾಯ, ಆದರೆ ಇಂಧನ ಎರಡು, ತೊಂದರೆಯೂ ಎರಡು ಪಾಲು. ಮ್ಯಾಗ್ನೆಟೋಗೆ ತೇವ ಬಂದರೆ ಕಿಡಿ ಇಲ್ಲ. ಆ ಹೆಚ್ಚುವರಿ ಕೋಣೆಯ ವಾಲ್ವ್ ಕೂರುವ ಜಾಗದಲ್ಲಿ ಮಸಿ ಕೂತರೆ ಡೀಸೆಲಿನಲ್ಲಿ ಕಂಪ್ರೆಶನ್ ಸೋರುತ್ತದೆ. ದೋಣಿಯ ತಳದಲ್ಲಿ ಪೆಟ್ರೋಲ್ ಆವಿ ನಿಂತರೆ ಪ್ರಾಣಕ್ಕೇ ಅಪಾಯ.

ಒಬ್ಬರೇ ಓಡಾಡುವವರಿಗೆ ನಮ್ಮ ಆಯ್ಕೆ ಎರಡು ಸಿಲಿಂಡರಿನ, ಗಾಳಿಯಿಂದ ತಣಿಯುವ ಲಿಸ್ಟರ್ ಎಸ್‌ಆರ್2. ತೋಟದ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕಿದವರಿಗೆ ಇದರ ಕ್ರಮ ಹೊಸದಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ. ವಾಲ್ವ್ ತೆರೆದಿಟ್ಟು ಕಂಪ್ರೆಶನ್ ತಪ್ಪಿಸುವ ಎರಡೂ ಡಿಕಂಪ್ರೆಶನ್ ಲಿವರ್ ಎತ್ತಿ, ಇಂಧನ ನಿಯಂತ್ರಣವನ್ನು ಸ್ಟಾರ್ಟಿಂಗ್ ಸ್ಥಾನಕ್ಕೆ ತಂದು ನಿಧಾನವಾಗಿ ತಿರುಗಿಸಿ. ಇಂಜೆಕ್ಟರ್ ಪ್ರತಿ ಸಲ ‘ಕಿರ್’ ಅನ್ನಬೇಕು. ಅನ್ನದಿದ್ದರೆ ಪೈಪಿನಲ್ಲಿ ಗಾಳಿ ಇದೆ, ತೆಗೆಯದೆ ಮುಂದುವರಿದರೆ ಬೆನ್ನು ನೋವಷ್ಟೇ ಲಾಭ. ಆಮೇಲೆ ವೇಗ ಹೆಚ್ಚಿಸಿ ಒಂದು ಲಿವರ್ ಮಾತ್ರ ಬಿಡಿ. ಆ ಸಿಲಿಂಡರ್ ಹೊತ್ತಿಕೊಂಡ ಮೇಲೆ ಇನ್ನೊಂದು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲನ್ನು ಸುತ್ತುವರಿಯದಿರಲಿ. ಹೊತ್ತಿಕೊಳ್ಳುವ ತನಕ ಹ್ಯಾಂಡಲ್ ಒತ್ತಿಹಿಡಿದೇ ತಿರುಗಿಸಿ. ಶಾಫ್ಟಿಗೆ ಸಿಕ್ಕಿ ಎಂಜಿನ್ ಜೊತೆ ಸುತ್ತತೊಡಗಿದರೆ ಹಿಡಿಯಲು ಹೋಗದೆ ದೂರ ನಿಂತು ಇಂಧನ ನಿಲ್ಲಿಸಿ. ಶಾಫ್ಟಿನ ತುದಿಗೆ ಎಣ್ಣೆ, ಗ್ರೀಸ್ ತಪ್ಪದೆ ಹಚ್ಚಿದ್ದರೆ ಹೀಗಾಗುವುದು ಅಪರೂಪ.

ಲಿವರ್ ಎತ್ತಿದರೂ ತಿರುಗಿಸುವುದು ಭಾರವೆನಿಸಿದರೆ, ವಾಲ್ವ್ ಸಾಕಷ್ಟು ತೆರೆಯುತ್ತಿಲ್ಲ. ಲಿವರ್ ಬಿಟ್ಟರೂ ಕಂಪ್ರೆಶನ್ ಸಿಗದಿದ್ದರೆ, ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಮೊದಲು ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಸರಿಮಾಡಿ, ನಂತರವೇ ಡಿಕಂಪ್ರೆಸರ್. ಚಳಿಗೆ ಬೇಗ ಬಿಗಿಯಾಗುವ ದಪ್ಪ ಎಣ್ಣೆ ಬೇಡ. ಗಾಳಿ ಒಳಹೋಗುವ ಕಡೆ ಒಂದು ಟೀ ಚಮಚ ಎಂಜಿನ್ ಎಣ್ಣೆ ಬಿಟ್ಟರೆ ಸವೆದ ರಿಂಗುಗಳ ಸಂದು ಮುಚ್ಚಿ ಕಂಪ್ರೆಶನ್ ಏರುತ್ತದೆ. ಈಥರ್ ಸ್ಪ್ರೇ ಮಾತ್ರ ಹೊಡೆಯಬೇಡಿ: ಅದು ಪಿಸ್ಟನ್ ಪೂರ್ತಿ ಮೇಲೇರುವ ಮೊದಲೇ ಸಿಡಿಯುತ್ತದೆ, ರಿಂಗ್ ಮುರಿಯುತ್ತದೆ, ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟನ್ನೂ ಮುರಿಯುತ್ತದೆ.