ಗುದದ ಪಕ್ಕ ಕೀವುಗಡ್ಡೆಯೇ? ಮಾತ್ರೆ ನುಂಗುತ್ತಾ ಕಾಯಬೇಡಿ, ಆಪರೇಷನ್ ಆದಮೇಲೆ ಗಾಯ ಬೇಗ ಮುಚ್ಚಿತೆಂದು ಹಿಗ್ಗಬೇಡಿ

ಗುದದ್ವಾರದ ಪಕ್ಕ ಗಟ್ಟಿಯಾದ ಊತ, ಸಿಡಿಯುವಂಥ ನೋವು, ಜೊತೆಗೆ ಜ್ವರ. ಹೀಗಿದ್ದಾಗ ಪರೀಕ್ಷೆಯನ್ನೇ ಮಾಡದೆ "ಪೈಲ್ಸ್ ಇರಬೇಕು" ಅಂತ ಮುಲಾಮು ಬರೆದುಕೊಟ್ಟರೆ ದಯವಿಟ್ಟು ಅಲ್ಲಿಗೇ ಬಿಡಬೇಡಿ. ನನಗೆ ಆಗಿದ್ದು ಅದೇ. ಸಂಕೋಚದ ಜಾಗ ಅಂತ ಯಾರೂ ಬಾಯಿಬಿಡುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಕೂರಲು ಆಗುತ್ತಿಲ್ಲ, ರಾತ್ರಿ ಚಳಿಜ್ವರ ಬರುತ್ತಿದೆ ಎಂದು ಮೊದಲ ವೈದ್ಯರಿಗೆ ನಿಂತುಕೊಂಡೇ ಹೇಳಿದೆ. ಅವರು ಕುರ್ಚಿಯಿಂದ ಏಳಲಿಲ್ಲ. ಮುಲಾಮು, ಆಂಟಿಬಯಾಟಿಕ್, ನೋವಿನ ಮಾತ್ರೆ ಬರೆದರು. ಮಾತ್ರೆಯ ಪ್ರಭಾವ ಇರುವಷ್ಟು ಹೊತ್ತು ನೋವು ತಗ್ಗುತ್ತಿತ್ತು, ಒಳಗೆ ಕೀವು ಮಾತ್ರ ಹೆಚ್ಚುತ್ತಲೇ ಇತ್ತು. ಕೊನೆಗೆ ಬೇರೊಂದು ಆಸ್ಪತ್ರೆಯ ಸರ್ಜನ್ ಒಮ್ಮೆ ಮುಟ್ಟಿ ನೋಡಿದವರೇ, "ಇದು ಆಬ್ಸೆಸ್, ಅಂದರೆ ಕೀವುಗಡ್ಡೆ, ಇವತ್ತೇ ತೆರೆಯಬೇಕು" ಎಂದರು.

ಗುದನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಅವುಗಳಲ್ಲೊಂದರ ಬಾಯಿ ಕಟ್ಟಿಕೊಂಡು ಸೋಂಕಾದರೆ ಕೀವು ಸ್ನಾಯುಗಳ ನಡುವೆ ದಾರಿ ಮಾಡಿಕೊಂಡು ಚರ್ಮದವರೆಗೆ ಬರುತ್ತದೆ. ಹಾಗೆ ಕಟ್ಟಿಕೊಂಡ ಕೀವಿನೊಳಕ್ಕೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಕೊಯ್ದು ಹೊರತೆಗೆಯುವುದೇ ಚಿಕಿತ್ಸೆ. ಸಕ್ಕರೆ ಕಾಯಿಲೆ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಸುತ್ತಲಿನ ಚರ್ಮಕ್ಕೂ ಸೋಂಕು ಹಬ್ಬಿದವರಿಗೆ ಆಂಟಿಬಯಾಟಿಕ್ ಬೇಕಾಗುತ್ತದೆ. ಆದರೆ ಕೊಯ್ಯುವುದರ ಜೊತೆಗೆ, ಅದರ ಬದಲಿಗಲ್ಲ. ಕೀವು ತೀರಾ ಆಳದಲ್ಲಿದ್ದರೆ ಹೊರಗೆ ಊತವೇ ಕಾಣದೆ ಬರೀ ನೋವು, ಜ್ವರ ಇರಬಹುದು. ಆಗ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಬೇಕಾಗುತ್ತದೆ.

ಆಪರೇಷನ್ ಬಗ್ಗೆ ಹೆದರಿಕೆ ಬೇಡ. ಅರಿವಳಿಕೆ ಕೊಟ್ಟಿರುತ್ತಾರೆ, ಏನೂ ಗೊತ್ತಾಗುವುದಿಲ್ಲ. ಎಚ್ಚರವಾದಾಗ ಆ ಸಿಡಿತ ಹೋಗಿತ್ತು. ಕೊಯ್ದ ಗಾಯದ ಉರಿ ಅದರ ಮುಂದೆ ಏನೇನೂ ಅಲ್ಲ.

ನಿಜವಾದ ತೊಂದರೆ ಶುರುವಾಗಿದ್ದು ಆಮೇಲೆ. ಈ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ, ಬೇಕೆಂದೇ ತೆರೆದು ಬಿಡುತ್ತಾರೆ. ಅದು ತಳದಿಂದ ತುಂಬಿಕೊಂಡು ಮೇಲಕ್ಕೆ ಬರಬೇಕು, ಚರ್ಮ ಕಟ್ಟಕಡೆಗೆ ಕೂಡಿಕೊಳ್ಳಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಇಷ್ಟನ್ನು ನನಗೆ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿದ್ದದ್ದು ಔಷಧಿಗಳ ಹೆಸರು, ಅದರ ಕೆಳಗೆ "ಡ್ರೆಸ್ಸಿಂಗ್, ಸಿಟ್ಜ್ ಬಾತ್" ಅಷ್ಟೇ.

ಡ್ರೆಸ್ಸಿಂಗ್ ಮಾಡುವವರು ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಹಾಗೇ ಎಳೆಯುತ್ತಿದ್ದರು. ಮಂಚದ ಅಂಚು ಹಿಡಿದುಕೊಂಡು ಹಲ್ಲು ಕಚ್ಚಿ ಮಲಗಿರುತ್ತಿದ್ದೆ. ಅದೇ ಗಾಜ್ ಬಟ್ಟೆಯನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ತಾನಾಗಿ ಸಡಿಲವಾಗಿ ಬರುತ್ತದೆ. ಕೈಬಿಡದೆ ಕೇಳಿ, "ನೆನೆಸಿ ತೆಗೆಯಿರಿ" ಅನ್ನಿ. ಅಷ್ಟಕ್ಕೂ ಒಳಗೆ ಗಾಜ್ ತುರುಕುವುದು ಎಲ್ಲರಿಗೂ ಬೇಕೇ ಬೇಕು ಅಂತೇನಿಲ್ಲ. ಬ್ರಿಟನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪಿಪಿಎಸಿ2 ಅಧ್ಯಯನದಲ್ಲಿ, ಗಾಜ್ ತುಂಬದೆ ಮೇಲೆ ಮಾತ್ರ ಡ್ರೆಸ್ಸಿಂಗ್ ಇಟ್ಟವರಿಗೆ ನೋವು ಕಡಿಮೆಯಿತ್ತು, ಮತ್ತೆ ಕೀವು ಕಟ್ಟುವುದಾಗಲಿ ಫಿಸ್ಟುಲಾ (ಗುದನಾಳದ ಒಳಗಿನಿಂದ ಚರ್ಮದವರೆಗೆ ಉಳಿದುಬಿಡುವ ಕೀವಿನ ದಾರಿ) ಆಗುವುದಾಗಲಿ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ನಿಮ್ಮ ಗಾಯಕ್ಕೆ ಅದು ಬೇಕೇ ಎಂದು ಸರ್ಜನ್‌ರನ್ನೇ ಕೇಳಿ.

ಒಂದು ದಿನ ಡ್ರೆಸ್ಸಿಂಗ್‌ನವರು "ಚೆನ್ನಾಗಿ ಒಣಗಿದೆ, ಇನ್ನು ಬರಬೇಕಾಗಿಲ್ಲ" ಎಂದರು. ಮೇಲಿನ ಚರ್ಮ ಕೂಡಿಕೊಂಡಿತ್ತು, ಕೆಳಗೆ ಟೊಳ್ಳು ಹಾಗೇ ಇತ್ತು. ಸ್ವಲ್ಪ ದಿನಕ್ಕೇ ಅದೇ ಜಾಗದಲ್ಲಿ ಅದೇ ಸಿಡಿತ, ಮತ್ತೆ ಜ್ವರ, ಮತ್ತೆ ಕೊಯ್ತ. ಹಾಗಾಗಿ ಗಾಯ ಪೂರ್ತಿ ಮಾಯುವವರೆಗೆ ನಡುನಡುವೆ ಸರ್ಜನ್ ಕಣ್ಣಿಗೇ ಬೀಳಬೇಕು ಎಂದು ಹಟ ಹಿಡಿಯಿರಿ.

ಸಿಟ್ಜ್ ಬಾತ್ ಅಂದರೆ ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂರುವುದು. ದಿನಕ್ಕೆ 2-3 ಸಲ, ಮಲವಿಸರ್ಜನೆ ಆದಮೇಲೆ ತಪ್ಪದೆ. ಬರೀ ನೀರು ಸಾಕು. ಆಮೇಲೆ ಉಜ್ಜದೆ ಮೆತ್ತಗೆ ಒತ್ತಿ ಒರೆಸಿ. ಮಲವಿಸರ್ಜನೆಗೆ ಹೆದರಿ ತಡೆದುಕೊಂಡರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಂದಲೂ ಮಲ ಕಟ್ಟುತ್ತದೆ, ಆದ್ದರಿಂದ ಮಲ ಮೆದುಮಾಡುವ ಔಷಧಿಯನ್ನು ಮೊದಲ ದಿನವೇ ಬರೆಸಿಕೊಳ್ಳಿ.

ನನಗೆ ಎರಡನೇ ಸಲ ಕೊಯ್ದ ಮೇಲೂ ಒಂದು ಚಿಕ್ಕ ತೂತಿನಿಂದ ಆಗಾಗ ಕೀವು ಜಿನುಗುತ್ತಿತ್ತು, ಒಳಉಡುಪಿನಲ್ಲಿ ಹಳದಿ ಕಲೆ. ಎಂಆರ್‌ಐ ಮಾಡಿಸಿದಾಗ ಫಿಸ್ಟುಲಾ, ನಾವು ಭಗಂದರ ಅನ್ನುತ್ತೇವಲ್ಲ, ಅದು ಕಂಡಿತು. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಆಬ್ಸೆಸ್ ಆದವರಲ್ಲಿ ಅನೇಕರಿಗೆ ಹೀಗಾಗುವುದುಂಟು. ಈ ಮಾತನ್ನೂ ಮೊದಲೇ ಹೇಳಿದ್ದರೆ ನಾನು ಅಷ್ಟೊಂದು ಕುಸಿದುಹೋಗುತ್ತಿರಲಿಲ್ಲ. ಫಿಸ್ಟುಲಾ ದಾರಿ ಮಲ ಹಿಡಿದಿಡುವ ಸ್ನಾಯುವಿನ ಮೂಲಕ ಹೋಗಿದ್ದರೆ ಅದನ್ನು ಸುಮ್ಮನೆ ಕತ್ತರಿಸುವಂತಿಲ್ಲ, ಹಿಡಿತವೇ ತಪ್ಪಬಹುದು. ಅದಕ್ಕೇ ಈಗ ನನಗೆ ಸೀಟನ್ ಎಂಬ ದಾರ ಹಾಕಿ, ಕೀವು ಹರಿದುಹೋಗಲು ಬಿಟ್ಟಿದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಸ್ನಾಯು ಎಷ್ಟು ಕೊಯ್ಯುತ್ತೀರಿ ಎಂದು ಕೇಳಿ ತಿಳಿದುಕೊಳ್ಳಿ.

ಆಪರೇಷನ್‌ಗೆ ಮೊದಲಾಗಲಿ ಆಮೇಲಾಗಲಿ ಮೈನಡುಗುವ ಜ್ವರ ಬಂದರೆ, ಕೆಂಪು ಬೇಗಬೇಗ ಹಬ್ಬುತ್ತಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ ಆ ರಾತ್ರಿಯೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇರುವವರಂತೂ ಬೆಳಗಾಗಲಿ ಎಂದು ಕಾಯಲೇಬೇಡಿ.