ಡೊಮೇನ್ ಯಾರ ಹೆಸರಲ್ಲಿದೆ ಅಂತ ನೋಡದೆ ಆನ್‌ಲೈನ್ ಅಂಗಡಿಗೆ ದುಡ್ಡು ಕೊಡಬೇಡಿ

ಮೊದಲ ಸಲ ಆನ್‌ಲೈನ್ ಅಂಗಡಿ ಮಾಡಿಸೋಕೆ ಹೊರಟವರು ಅಡ್ವಾನ್ಸ್ ಹಾಕೋ ಮುಂಚೆ ಇದನ್ನ ಓದಿ. ಈಗಾಗಲೇ ಹಾಕಿದ್ದರೆ ಇವತ್ತೇ ಓದಿ, ನಾಳೆಗೆ ಇಟ್ಟುಕೊಳ್ಳಬೇಡಿ.

ನಮ್ಮದು ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರೋ ಅಂಗಡಿ. ಸುಮಾರು 80 ಐಟಂ. ವರ್ಡ್‌ಪ್ರೆಸ್ (ಸೈಟ್ ಕಟ್ಟೋ ಸಾಫ್ಟ್‌ವೇರ್) ಮೇಲೆ ವೂಕಾಮರ್ಸ್ (ಅದಕ್ಕೆ ಅಂಗಡಿ ಜೋಡಿಸೋ ಸಾಫ್ಟ್‌ವೇರ್) ಹಾಕಿ ಮಾಡಿಕೊಡ್ತೀವಿ ಅಂತ ಸೈಟ್ ಮಾಡೋ ಕಂಪನಿಯವರು ಒಪ್ಪಿದ ಮೊತ್ತ 35,000. ಅಡ್ವಾನ್ಸ್ 21,000, ಸೈಟ್ ಲೈವ್ ಆದ ದಿನ ಬಾಕಿ 14,000. ಕೊಟೇಶನ್‌ನಲ್ಲಿ ಒಂದು ಸಾಲು ಇತ್ತು: "ಡೊಮೇನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ, ಎಲ್ಲಾ ಸೇರಿ." ಡೊಮೇನ್ ಅಂದರೆ ಸೈಟಿನ ವಿಳಾಸ, ಹೋಸ್ಟಿಂಗ್ ಅಂದರೆ ಸೈಟ್ ಇಡೋ ಬಾಡಿಗೆ ಜಾಗ, ಗೇಟ್‌ವೇ ಅಂದರೆ ಗ್ರಾಹಕರ ದುಡ್ಡು ಪಡೆದು ಅಂಗಡಿ ಖಾತೆಗೆ ಹಾಕೋ ಸೇವೆ. ಇಂಥ ಸಾಲು ನಿಮ್ಮ ಕೊಟೇಶನ್‌ನಲ್ಲೂ ಇರುತ್ತೆ, ತೆಗೆದು ನೋಡಿ. ಯಾರ ಹೆಸರಲ್ಲಿ ಅಂತ ಬರೆದಿರಲ್ಲ. ನಾವು ಕೇಳಲಿಲ್ಲ. ಮೂರನ್ನೂ ಅವರು ಅವರ ಹೆಸರಲ್ಲೇ ತಗೊಂಡಿದ್ದರು. ಮೂರನ್ನೂ.

ಗೊತ್ತಾಗಿದ್ದು ಒಬ್ಬ ಗ್ರಾಹಕರಿಂದ, ಅದನ್ನ ನೆನೆಸಿಕೊಂಡರೆ ಈಗಲೂ ಮುಖ ಎತ್ತೋಕಾಗಲ್ಲ. ಬೆಳಗಾವಿಯವರು, 2,450ರ ಸೀರೆ ತಗೊಂಡರು, ಯುಪಿಐಯಲ್ಲಿ ಕಟ್ಟಿದರು. ಆಮೇಲೆ ಸ್ಕ್ರೀನ್‌ಶಾಟ್ ಕಳಿಸಿ ಕೇಳಿದರು: "ಇದು ನಿಮ್ಮ ಅಂಗಡಿ ಹೌದಲ್ರೀ? ದುಡ್ಡು ಬ್ಯಾರೆ ಯಾರದೋ ಹೆಸರಿಗೆ ಹೋಗೇತಿ." ನೋಡಿದರೆ ಸೈಟ್ ಮಾಡಿದವರ ಕಂಪನಿ ಹೆಸರು. ಮೂರು ತಿಂಗಳಿಂದ ಬಂದ ಪ್ರತಿಯೊಂದು ಆರ್ಡರಿನ ದುಡ್ಡೂ ಅವರ ಖಾತೆಗೆ ಹೋಗಿ, ಅಲ್ಲಿಂದ 15 ದಿನಕ್ಕೊಮ್ಮೆ ನಮಗೆ ಬರ್ತಿತ್ತು. ಗೇಟ್‌ವೇಯವರೇ ಹಾಗೆ ಕೊಡ್ತಾರೆ ಅಂತ ನಂಬಿದ್ವಿ. ಇಲ್ಲ. ಗೇಟ್‌ವೇಯವರು ಸಾಮಾನ್ಯವಾಗಿ ಎರಡು ಕೆಲಸದ ದಿನದಲ್ಲಿ ಹಾಕ್ತಾರೆ.

ಕೇಳಿದ್ದಕ್ಕೆ ಬಂದ ಉತ್ತರ: "ಮೇಡಂರಿ, ನಿಮ್ಮ ಕೆವೈಸಿ ಲೇಟ್ ಆಗ್ತದಂತ ನಮ್ಮ ಅಕೌಂಟಿಗೇ ಜೋಡಿಸೀವ್ರಿ. ನಿಮಗ ಹೆಲ್ಪ್ ಆಗ್ಲಿ ಅಂತ ಮಾಡಿದ್ದು." ಸಹಾಯವಂತೆ! ಕೆವೈಸಿಗೆ ಬೇಕಾಗೋದು ಪ್ಯಾನ್, ಆಧಾರ್, ವ್ಯಾಪಾರದ ದಾಖಲೆ, ಕ್ಯಾನ್ಸಲ್ ಮಾಡಿದ ಚೆಕ್, ಜೊತೆಗೆ ಸೈಟ್‌ನಲ್ಲಿ ಐದು ಪುಟ: ಸಂಪರ್ಕ, ನಿಯಮಗಳು, ಖಾಸಗಿತನ, ರಿಫಂಡ್, ಡೆಲಿವರಿ. ಆ ಐದು ಪುಟ ಬರೆದು ಹಾಕಬೇಕಾದವರು ಅವರೇ. ಹಾಕಿರಲಿಲ್ಲ. ಹಾಕದೆ, ಕೆವೈಸಿ ತಡ ಆಗುತ್ತೆ ಅಂತ ನಮಗೇ ಹೇಳ್ತಾರೆ.

ಹಣದ ಲೆಕ್ಕ ನೋಡಿ. ಗೇಟ್‌ವೇಗಳ ಸಾಮಾನ್ಯ ದರ ಶೇ. 2, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 2.36. 2,450 ರೂಪಾಯಿಗೆ 57.82 ಹೋಗಬೇಕು. ಇವರು ಎಕ್ಸೆಲ್ ಶೀಟ್‌ನಲ್ಲಿ "ಗೇಟ್‌ವೇ ಚಾರ್ಜ್ 5%" ಅಂತ ಬರೆದು 122.50 ಹಿಡಿದಿದ್ದಾರೆ. ಗೇಟ್‌ವೇ ಡ್ಯಾಶ್‌ಬೋರ್ಡಿಂದ ಇಳಿಸಿದ ಸೆಟ್ಲ್‌ಮೆಂಟ್ ರಿಪೋರ್ಟ್ (ಯಾವ ಆರ್ಡರಿಗೆ ಎಷ್ಟು ಹಿಡಿದು ಎಷ್ಟು ಹಾಕಿದರು ಅನ್ನೋ ಲೆಕ್ಕ) ಕೊಡಿ ಅಂದರೆ, "ಅದು ಕಾನ್ಫಿಡೆನ್ಶಿಯಲ್ ರೀ, ಅದರಾಗ ಬ್ಯಾರೆ ಕ್ಲೈಂಟ್‌ಗಳದೂ ಇರ್ತದ." ಅಂದರೆ ಎಷ್ಟು ಅಂಗಡಿಯವರ ದುಡ್ಡು ಅದೇ ಖಾತೆಗೆ ಹೋಗ್ತಿದೆಯೋ ಯೋಚನೆ ಮಾಡಿ. ಕೊನೆಯ 11 ಆರ್ಡರಿನ 26,300 ಇವತ್ತಿಗೂ ಬಂದಿಲ್ಲ.

ಸರಿ, ಗೇಟ್‌ವೇ ಬದಲಾಯಿಸೋಣ, ಸೈಟನ್ನೇ ಬೇರೆ ಕಡೆ ಒಯ್ಯೋಣ ಅಂತ ಹೊರಟಾಗ ಎರಡನೇ ಸತ್ಯ ಹೊರಬಿತ್ತು. ನಮಗೆ ಕೊಟ್ಟಿದ್ದ ಲಾಗಿನ್ ಅಡ್ಮಿನ್ ಅಲ್ಲ, ಶಾಪ್ ಮ್ಯಾನೇಜರ್. ಅದರಲ್ಲಿ ಸೀರೆ ಸೇರಿಸಬಹುದು, ಆರ್ಡರ್ ನೋಡಬಹುದು, ಬೆಲೆ ತಿದ್ದಬಹುದು, ಹೀಗಾಗಿ ಎಲ್ಲಾ ನಮ್ಮ ಕೈಲಿದೆ ಅಂತಲೇ ಅನಿಸುತ್ತೆ. ಎಡಗಡೆ ಪಟ್ಟಿಯಲ್ಲಿ ಪ್ಲಗಿನ್ಸ್ (ಸೈಟಿಗೆ ಹೊಸ ಸೌಲಭ್ಯ ಸೇರಿಸೋ ಸಣ್ಣ ಸಾಫ್ಟ್‌ವೇರ್) ಅನ್ನೋ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ನೀವು ಅಡ್ಮಿನ್ ಅಲ್ಲ. ಹೊಸ ಗೇಟ್‌ವೇ ಪ್ಲಗಿನ್ ಹಾಕೋಕೂ ಅವರನ್ನೇ ಬೇಡಬೇಕು.

ಮತ್ತೆ ಡೊಮೇನ್. ಡೊಮೇನ್ ಮಾರೋ ಕಂಪನಿಗೆ, ಅಂದರೆ ರಿಜಿಸ್ಟ್ರಾರ್‌ಗೆ, ಫೋನ್ ಮಾಡಿದರೆ, ಖಾತೆ ಯಾರ ಹೆಸರಲ್ಲಿದೆಯೋ ಅವರೇ ಕೇಳಬೇಕು ಅಂದರು. ಅವರದು ತಪ್ಪಲ್ಲ, ನಿಯಮವೇ ಹಾಗಿದೆ. ಡಾಟ್ ಕಾಮ್ ವಿಳಾಸದ ಮಾಲೀಕರು ಕೇಳಿದರೆ ರಿಜಿಸ್ಟ್ರಾರ್ ಐದು ದಿನದೊಳಗೆ ಆಥ್ ಕೋಡ್ (ಡೊಮೇನ್ ವರ್ಗಾಯಿಸೋಕೆ ಬೇಕಾದ ಗುಪ್ತ ಕೋಡ್) ಕೊಡಲೇಬೇಕು. ಆದರೆ ದಾಖಲೆಯಲ್ಲಿ ಮಾಲೀಕರು ನಾವಲ್ಲ. ದುಡ್ಡು ನಮ್ಮದು, ಹೆಸರು ನಮ್ಮ ಅಂಗಡಿಯದು, ಕವರ್ ಮೇಲೆ ಮುದ್ರಿಸಿದ ವಿಳಾಸ ಅದು, ಮಾಲೀಕರು ಮಾತ್ರ ಸೈಟ್ ಮಾಡಿದವರು. ಕೋಡ್ ಕೊಡಿ ಅಂದದ್ದಕ್ಕೆ: "ಡೊಮೇನ್ ರಿಲೀಸ್ ಚಾರ್ಜ್ 18,000 ಆಗ್ತದ್ರಿ. ಕಂಪನಿ ಪಾಲಿಸಿ." ವರ್ಷಕ್ಕೆ ಸಾವಿರ, ಒಂದೂವರೆ ಸಾವಿರದ ವಿಳಾಸಕ್ಕೆ 18,000! ಈ ಪಾಲಿಸಿ ಕೊಟೇಶನ್‌ನಲ್ಲಿ ಎಲ್ಲಿತ್ತು ಅಂತ ಕೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. "ಟೆನ್ಶನ್ ತಗೋಬ್ಯಾಡ್ರಿ, ಸರ್ ಊರಾಗಿಲ್ಲ." ಆ ಸರ್ ಆರು ವಾರದಿಂದ ಊರಲ್ಲಿಲ್ಲ.

ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಡೊಮೇನ್ ವಾಪಸ್ ಕೇಳೋ ದಾರಿ ಇದೆ. ಆದರೆ ಅದಕ್ಕೆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ತೋರಿಸಬೇಕು, ಒಬ್ಬ ತೀರ್ಪುಗಾರರ ಮುಂದೆ ಹೋಗೋಕೂ ಶುಲ್ಕ 1,500 ಡಾಲರ್. ಸಣ್ಣ ಅಂಗಡಿಗೆ ಆಗೋ ಮಾತಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತು.

ಕೆಲಸನಾದರೂ ಸರಿಯಾಗಿತ್ತಾ? ಅದೂ ಇಲ್ಲ. ಸೀರೆಗಳ ವಿವರಣೆಗಳನ್ನ ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ವಿ, ಹಾಗೇ ಅಂಟಿಸಿಬಿಟ್ಟರು. ಸೈಟ್ ತೆರೆದರೆ ಚುಕ್ಕಿ, ಕೊಂಬು ಇರೋ ಇಂಗ್ಲಿಷ್ ಅಕ್ಷರಗಳ ರಾಶಿ. "ನಿಮ್ಮ ಫೋನಿನಾಗ ಕನ್ನಡ ಫಾಂಟ್ ಇಲ್ರಿ" ಅಂದರು. ಸುಳ್ಳು. ನುಡಿಯ ಹಳೆಯ ಫಾಂಟಿನ ಅಕ್ಷರ ಯೂನಿಕೋಡ್ (ಎಲ್ಲಾ ಫೋನ್, ಸೈಟುಗಳೂ ಓದೋ ಅಕ್ಷರ ಪದ್ಧತಿ) ಅಲ್ಲ, ಕನ್ವರ್ಟರ್‌ನಲ್ಲಿ ಬದಲಾಯಿಸಿಯೇ ಸೈಟಿಗೆ ಹಾಕಬೇಕು. 80 ಐಟಂ ಕೂತು ನಾವೇ ಸರಿ ಮಾಡಿದ್ವಿ.

ಇದಕ್ಕಿಂತ ದೊಡ್ಡ ಎಡವಟ್ಟು ವೆಬ್‌ಹುಕ್. ಕೈಮಗ್ಗದ ಸೀರೆ, ಒಂದೊಂದು ಬಣ್ಣಕ್ಕೆ ಒಂದೇ ಪೀಸ್. ಗ್ರಾಹಕರು ಯುಪಿಐ ಆ್ಯಪ್‌ಗೆ ಹೋಗಿ ದುಡ್ಡು ಕಟ್ಟಿ, ಸೈಟಿಗೆ ವಾಪಸ್ ಬರದೆ ಆ್ಯಪ್ ಮುಚ್ಚಿಬಿಡ್ತಾರೆ. ಎಲ್ಲರೂ ಹಾಗೇ ಮಾಡೋದು. ಆಗ ದುಡ್ಡು ಬಂತು ಅಂತ ಸೈಟಿಗೆ ತಿಳಿಸೋದು ಗೇಟ್‌ವೇಯ ವೆಬ್‌ಹುಕ್. ಇವರು ಅದನ್ನ ಹಾಕಿರಲೇ ಇಲ್ಲ. ಆರ್ಡರ್ ಪೆಂಡಿಂಗ್‌ನಲ್ಲೇ ಉಳೀತು. ವೂಕಾಮರ್ಸ್‌ನಲ್ಲಿ ಸ್ಟಾಕ್ ಹಿಡಿದಿಡೋ ಸಮಯ ತಾನಾಗೇ 60 ನಿಮಿಷ ಇರುತ್ತೆ, ಅದು ಮುಗಿದ ಮೇಲೆ ಆರ್ಡರ್ ಕ್ಯಾನ್ಸಲ್, ಸೀರೆ ಮತ್ತೆ ಮಾರಾಟಕ್ಕೆ. ಇನ್ನೊಬ್ಬರು ಅದೇ ಸೀರೆ ಕೊಂಡರು. ಇಬ್ಬರ ದುಡ್ಡೂ ಹೋಗಿದೆ, ಸೀರೆ ಒಂದೇ. ಬೈಸಿಕೊಂಡವರು ನಾವು. ರಿಫಂಡ್ ಮಾಡೋಣ ಅಂದರೆ ದುಡ್ಡು ಅವರ ಖಾತೆಯಲ್ಲಿ!

ಕೊರಿಯರ್ ವಿಷಯನೂ ಹೇಳ್ತೀನಿ, ಯಾಕಂದರೆ ಇದನ್ನ ಯಾರೂ ಹೇಳಲ್ಲ. ಎಲ್ಲಾ ಆರ್ಡರಿಗೂ 60 ರೂಪಾಯಿ ಶಿಪ್ಪಿಂಗ್ ಅಂತ ಹಾಕಿದ್ದರು. ನಮ್ಮ ಬಾಕ್ಸ್ 35×28×8 ಸೆಂ.ಮೀ. ಗುಣಿಸಿದರೆ 7,840, ಅದನ್ನ ಕೊರಿಯರ್‌ನವರ ಲೆಕ್ಕದಂತೆ 5,000ದಿಂದ ಭಾಗಿಸಿದರೆ 1.57 ಕೆಜಿ. ತಕ್ಕಡಿ ಮೇಲೆ ಸೀರೆ 700 ಗ್ರಾಂ ಇದ್ದರೂ ಕೊರಿಯರ್ ಬಿಲ್ ಬರೋದು ಬಾಕ್ಸಿನ ಅಳತೆಯ ಮೇಲೆ, ಅರ್ಧ ಕೆಜಿ ಸ್ಲ್ಯಾಬ್‌ನಲ್ಲಿ ಹಿಡಿದರೆ ಅದು 2 ಕೆಜಿ. ಪ್ರತಿ ಪಾರ್ಸಲ್‌ಗೂ ಕೈಯಿಂದ ಕಟ್ಟಿದ್ವಿ. ಬಾಕ್ಸ್ ಬಿಟ್ಟು ಕೊರಿಯರ್ ಕವರ್‌ಗೆ ಬದಲಾದ ಮೇಲೆ ನಿಂತಿತು.

ಸೈಟಿನ ವಿನ್ಯಾಸ, ಅಂದರೆ ಥೀಮ್, ಕದ್ದ ಕಾಪಿ. ಅಪ್‌ಡೇಟ್ ಮಾಡೋಕೆ ಲೈಸೆನ್ಸ್ ಕೀ ಬೇಕಿತ್ತು, ಕೀ ಅವರ ಹತ್ತಿರ ಇರಲೇ ಇಲ್ಲ. ಎರಡೇ ತಿಂಗಳಲ್ಲಿ, ಮೊಬೈಲ್‌ನಲ್ಲಿ ಗೂಗಲ್‌ನಿಂದ ಬಂದವರು ಜೂಜಿನ ಸೈಟಿಗೆ ಹೋಗೋಕೆ ಶುರುವಾದರು. ನಾವು ವಿಳಾಸ ಟೈಪ್ ಮಾಡಿ ನೋಡಿದರೆ ಎಲ್ಲಾ ಸರಿ. ಅದಕ್ಕೇ ನಮಗೆ ಗೊತ್ತೇ ಆಗಲಿಲ್ಲ. ಇಂಥ ಕಾಪಿಯಲ್ಲಿ ಕೂತಿರೋ ಕೋಡ್ ಬೇಕಂತಲೇ ಹೀಗೆ ಮಾಡುತ್ತೆ, ಮಾಲೀಕರ ಕಣ್ಣಿಗೆ ಬೀಳಬಾರದು ಅಂತ. ಸೀರೆ ನೋಡೋಕೆ ಬಂದ ಹೆಣ್ಣುಮಕ್ಕಳಿಗೆ ಏನೇನು ಕಾಣಿಸಿತೋ.

ಹಾಗಾಗಿ ಇಷ್ಟು ಮಾಡಿ. ಡೊಮೇನ್ ನಿಮ್ಮ ಇಮೇಲ್, ನಿಮ್ಮ ಫೋನ್ ಹಾಕಿ ನೀವೇ ಕೊಳ್ಳಿ, ಹತ್ತು ನಿಮಿಷದ ಕೆಲಸ. ಈಗಾಗಲೇ ಬೇರೆಯವರು ಕೊಂಡಿದ್ದರೆ ಡೊಮೇನ್ ಮಾಲೀಕರ ಹೆಸರು ತೋರಿಸೋ ಹೂಈಸ್‌ನಲ್ಲಿ ಹುಡುಕಿ ಸಮಾಧಾನ ಮಾಡಿಕೊಳ್ಳಬೇಡಿ, ಅಲ್ಲಿ ಎಷ್ಟೋ ಸಲ ಹೆಸರು ಮುಚ್ಚಿರುತ್ತೆ. ರಿಜಿಸ್ಟ್ರಾರ್ ಖಾತೆಯ ಒಟಿಪಿ ನಿಮ್ಮ ಫೋನಿಗೆ ಬರುತ್ತಾ? ಅದೊಂದೇ ಪರೀಕ್ಷೆ. ಗೇಟ್‌ವೇ ಕೆವೈಸಿ ನಿಮ್ಮ ಪ್ಯಾನ್ ಮೇಲೆ ನೀವೇ ಮಾಡಿ, ಸೈಟ್ ಮಾಡೋರಿಗೆ ಗೇಟ್‌ವೇಯನ್ನ ಸೈಟಿಗೆ ಜೋಡಿಸೋ ಎಪಿಐ ಕೀ ಮಾತ್ರ ಕೊಡಿ. ಬಾಕಿ ಹಣ ಕೊಡೋ ಮೊದಲು ಒಂದು ರೂಪಾಯಿಯ ಐಟಂ ಹಾಕಿಸಿ, ಯುಪಿಐಯಲ್ಲಿ ಕಟ್ಟಿ, ವಾಪಸ್ ಸೈಟಿಗೆ ಹೋಗದೆ ಆ್ಯಪ್ ಮುಚ್ಚಿ. ರಸೀದಿಯಲ್ಲಿ ನಿಮ್ಮ ಹೆಸರಿದೆಯಾ, ಆರ್ಡರ್ ಪ್ರೊಸೆಸಿಂಗ್‌ಗೆ ಬಂತಾ, ಆ ದುಡ್ಡು ನಿಮ್ಮ ಬ್ಯಾಂಕಿಗೆ ಬಂತಾ, ಮೂರೂ ನೋಡಿ. ನಾವು 14,000ವನ್ನ ಹೋಮ್ ಪೇಜ್ ಚೆನ್ನಾಗಿದೆ ಅಂತ ಕೊಟ್ಟುಬಿಟ್ವಿ.

ಸಿಕ್ಕಿಬಿದ್ದವರು ಮೊದಲು ಉತ್ಪನ್ನ, ಆರ್ಡರ್, ಗ್ರಾಹಕರ ಪಟ್ಟಿ ಎಲ್ಲಾ ಸಿಎಸ್‌ವಿಯಲ್ಲಿ (ಎಕ್ಸೆಲ್‌ನಲ್ಲಿ ತೆರೆಯೋ ಫೈಲ್) ಇಳಿಸಿಕೊಳ್ಳಿ. ಉತ್ಪನ್ನಗಳ ಪಟ್ಟಿ ಶಾಪ್ ಮ್ಯಾನೇಜರ್ ಲಾಗಿನ್‌ನಲ್ಲೂ ಇಳಿಯುತ್ತೆ. ಜಗಳ ಆಮೇಲೆ ಮಾಡಿ, ಜಗಳ ಶುರುವಾದ ದಿನವೇ ನಮ್ಮ ಲಾಗಿನ್ ಬಂದ್ ಆಯಿತು. ವ್ಯಾಪಾರಕ್ಕೆ ತಗೊಂಡ ಸೇವೆಗೆ ಗ್ರಾಹಕ ನ್ಯಾಯಾಲಯ ಇಲ್ಲ ಅಂತ ಅವರು ಹೆದರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತಲೇ ತಗೊಂಡಿದ್ದರೆ ನೀವೂ ಗ್ರಾಹಕರೇ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನೋಂದಾಯಿಸಿ. ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ, ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ.

ನಮ್ಮ ಹಳೆಯ ವಿಳಾಸದಲ್ಲಿ ಅಂಗಡಿ ಇನ್ನೂ ತೆರೆದೇ ಇದೆ. ನಮ್ಮ ಸೀರೆಗಳ ಫೋಟೋ, ನಮ್ಮ ಬೆಲೆ, ಅವರ ಖಾತೆ. ಹಳೆಯ ಕವರ್ ಇಟ್ಟುಕೊಂಡಿರೋ ಗ್ರಾಹಕರು ದಯವಿಟ್ಟು ಅದರ ಮೇಲಿನ ವಿಳಾಸಕ್ಕೆ ಹೋಗಿ ಆರ್ಡರ್ ಹಾಕಬೇಡಿ.